ಹೊಗೆಯ ಚೆಲುವು, ಹೊಗೆಯ ಲೆಕ್ಕ

ಕೆಟ್ಟ ಗಾಳಿ, ಕೊಳೆತ ನೀರು, ಸವೆದ ಮಣ್ಣನ್ನು ಚಿತ್ರಕ್ಕೆ ತರಹೊರಟವರಿಗೆ ಮೊದಲಿನಿಂದಲೂ ಎರಡು ತೊಡಕುಗಳಿವೆ. ಒಂದು, ಹಾನಿ ಎಷ್ಟೋ ಸಲ ನೋಡಲು ಚೆನ್ನಾಗಿರುತ್ತದೆ. ಕುಲುಮೆಯ ಬೆಂಕಿಗೆ ಇರುಳಿನ ಆಕಾಶ ಕೆಂಪೇರುತ್ತದೆ, ಕಲ್ಲಿದ್ದಲಿನ ಹೊಗೆ ನದಿಯ ಮೇಲೆ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಗಣಿಯಿಂದ ಹರಿದು ಬಂದ ತುಕ್ಕುನೀರು ಹಳ್ಳದ ಕಲ್ಲುಗಳಿಗೆ ಕಿತ್ತಳೆ ಬಳಿಯುತ್ತದೆ. ಬಣ್ಣವೇ ಬದುಕಾದವರು ಇದಕ್ಕೆ ಮರುಳಾಗದೆ ಇರುವುದು ಕಷ್ಟ. ಇನ್ನೊಂದು, ಹಾನಿ ನಿಧಾನವಾಗಿ ಆಗುತ್ತದೆ. ಕಾಡು ಒಂದು ದಿನದಲ್ಲಿ ಬಯಲಾಗುವುದಿಲ್ಲ, ಕೆರೆ ಒಂದು ವರ್ಷದಲ್ಲಿ ಚರಂಡಿಯಾಗುವುದಿಲ್ಲ. ಮಾಡಿದ್ದು ಒಂದು ತಲೆಮಾರು, ಅನುಭವಿಸುವುದು ಇನ್ನೊಂದು. ಚಿತ್ರಕಾರರ ಕೈಯಲ್ಲಿರುವುದು ಒಂದೇ ಚೌಕಟ್ಟು.

ಯಂತ್ರಯುಗ ಶುರುವಾದಂದಿನಿಂದ ಚಿತ್ರಕಾರರು ಈ ತೊಡಕುಗಳ ಜೊತೆ ಹೆಣಗುತ್ತಲೇ ಬಂದಿದ್ದಾರೆ. ಆ ಇನ್ನೂರು ವರ್ಷಗಳ ಕೆಲಸವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನನಗೆ ಒಂದು ಮಾತು ಸ್ಪಷ್ಟವಾಗುತ್ತದೆ. ಹಾನಿಯ ನೋಟವನ್ನಷ್ಟೇ ಬರೆದ ಚಿತ್ರಗಳಲ್ಲಿ ಕೊನೆಗೆ ಉಳಿದದ್ದು ಚೆಲುವು. ಹಾನಿಯ ಕಾರಣವನ್ನು, ಅದು ನಡೆದುಬಂದ ಕಾಲವನ್ನು, ಅದಕ್ಕೆ ಬೆಲೆ ತೆತ್ತವರನ್ನು ಒಟ್ಟಿಗೆ ಚೌಕಟ್ಟಿಗೆ ತಂದ ಚಿತ್ರಗಳು ಇವತ್ತಿಗೂ ನಮ್ಮನ್ನು ತಡೆದು ನಿಲ್ಲಿಸುತ್ತವೆ.

ಕುಲುಮೆಯ ಬೆರಗು, ಮಂಜಿನ ಮೋಹ

ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್ ಕಣಿವೆಯಲ್ಲಿ 1709ರಲ್ಲಿ ಅಬ್ರಹಾಂ ಡಾರ್ಬಿ ಇದ್ದಿಲಿನ ಬದಲು ಕಲ್ಲಿದ್ದಲಿನ ಕೋಕ್ ಉರಿಸಿ ಕಬ್ಬಿಣ ಕರಗಿಸಿದ. ಕೈಗಾರಿಕಾ ಕ್ರಾಂತಿಯ ತೊಟ್ಟಿಲು ಎಂದು ಹೆಸರಾದ ಆ ಕಣಿವೆಯನ್ನು ಫಿಲಿಪ್ ಜೇಮ್ಸ್ ಡಿ ಲೂಥರ್‌ಬರ್ಗ್ 1801ರಲ್ಲಿ ಬರೆದ. ‘ಕೋಲ್‌ಬ್ರೂಕ್‌ಡೇಲ್ ಬೈ ನೈಟ್’ ಈಗ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿದೆ. ಕುಲುಮೆಗಳ ಹಿಂದಿನಿಂದ ಬೆಂಕಿ ಏಳುತ್ತಿದೆ, ಹೊಗೆ ಹಳದಿಯಾಗಿ ಕಿತ್ತಳೆಯಾಗಿ ಚಂದ್ರನವರೆಗೂ ಹರಡಿದೆ, ಮುಂದೆ ಕುದುರೆಗಳು ಭಾರ ಎಳೆಯುತ್ತಿವೆ. ಲೂಥರ್‌ಬರ್ಗ್ ಮೊದಲು ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರಕ್ಕೆ ದೃಶ್ಯಗಳನ್ನು ಕಟ್ಟಿಕೊಡುತ್ತಿದ್ದವನು. ಇಲ್ಲೂ ಅವನು ಕಟ್ಟಿದ್ದು ಒಂದು ದೃಶ್ಯವನ್ನೇ. ಆ ಬೆಂಕಿಯ ಬುಡದಲ್ಲಿ ಬೆವರು ಸುರಿಸುವವರ ಮುಖಗಳು ನಮಗೆ ಕಾಣುವುದಿಲ್ಲ.

ಇಂಗ್ಲೆಂಡಿನ ಚಿತ್ರಕಾರ ಟರ್ನರ್‌ನ ಕಣ್ಣು ಇದಕ್ಕಿಂತ ಸೂಕ್ಷ್ಮ. 1839ರಲ್ಲಿ ಅವನು ಪ್ರದರ್ಶಿಸಿದ ‘ದಿ ಫೈಟಿಂಗ್ ಟೆಮೆರೇರ್’ ಚಿತ್ರದಲ್ಲಿ ಟ್ರಫಾಲ್ಗರ್ ಕದನದಲ್ಲಿ ಹೋರಾಡಿದ ಹಾಯಿಹಡಗನ್ನು ಹೊಗೆಯುಗುಳುವ ಪುಟ್ಟ ಉಗಿದೋಣಿ ಒಡೆದುಹಾಕುವ ಕಟ್ಟೆಗೆ ಎಳೆದೊಯ್ಯುತ್ತದೆ. 1844ರ ‘ರೇನ್, ಸ್ಟೀಮ್ ಅಂಡ್ ಸ್ಪೀಡ್’ನಲ್ಲಿ ಮೇಡನ್‌ಹೆಡ್ ಸೇತುವೆಯ ಮೇಲೆ ಮಳೆಯನ್ನು ಸೀಳಿಕೊಂಡು ರೈಲು ಬರುತ್ತಿದೆ. ಹಳಿಯ ಮೇಲೆ, ರೈಲಿನ ಮುಂದೆ, ಒಂದು ಮೊಲ ಪ್ರಾಣ ಕೈಯಲ್ಲಿ ಹಿಡಿದು ಓಡುತ್ತಿದೆ. ಬಣ್ಣ ಮಾಸಿರುವುದರಿಂದ ಇವತ್ತು ಹುಡುಕಿ ನೋಡಿದರೆ ಮಾತ್ರ ಅದು ಸಿಗುತ್ತದೆ. ಯಂತ್ರದ ವೇಗಕ್ಕೆ ಯಾರೋ ದಾರಿ ಬಿಡಬೇಕಾಗುತ್ತದೆ ಎಂಬ ಅರಿವು ಆ ಮೊಲದಲ್ಲಿದೆ. ಆದರೆ ಬೆಳಕು, ಮಳೆ, ಉಗಿ ಕಲೆತ ಆ ಹೊನ್ನಿನ ಬಣ್ಣದ ಮುಂದೆ ನೋಡುಗರು ಮೊಲವನ್ನು ಮರೆತೇಬಿಡುತ್ತಾರೆ.

ಕ್ಲಾಡ್ ಮೊನೆ 1899ರಿಂದ 1901ರವರೆಗೆ ಮೂರು ಸಲ ಲಂಡನ್ನಿಗೆ ಬಂದು, ಸವಾಯ್ ಹೋಟೆಲಿನ ಕಿಟಕಿಯಿಂದ ಥೇಮ್ಸ್ ನದಿಯ ಸೇತುವೆಗಳನ್ನು ಮತ್ತೆ ಮತ್ತೆ ಬರೆದ. ಅವನನ್ನು ಸೆಳೆದದ್ದು ಅಲ್ಲಿಯ ಮಂಜು. ಆ ಮಂಜಿನಲ್ಲಿ ಕಲ್ಲಿದ್ದಲಿನ ಹೊಗೆಯೇ ಹೆಚ್ಚು. ಟರ್ನರ್‌ನ ಸುಮಾರು 60 ಚಿತ್ರಗಳನ್ನೂ ಮೊನೆಯ 38 ಚಿತ್ರಗಳನ್ನೂ ವಾಯುವಿಜ್ಞಾನಿಗಳು ಅಳತೆಗೆ ಒಡ್ಡಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಗಾಳಿಯಲ್ಲಿ ಗಂಧಕದ ಡೈಆಕ್ಸೈಡ್ ಏರಿದ ಹಾಗೆಲ್ಲ ಚಿತ್ರಗಳಲ್ಲಿ ವಸ್ತುಗಳ ಅಂಚು ಕರಗುತ್ತಾ, ಬಣ್ಣ ಬಿಳಿಚಿಕೊಳ್ಳುತ್ತಾ ಹೋಗಿದೆ ಎಂಬುದು ಅದರ ತೀರ್ಮಾನ. ನಾವು ಶೈಲಿ ಎಂದು ಕೊಂಡಾಡುವುದರಲ್ಲಿ ಒಂದು ಪಾಲು ಮಾಲಿನ್ಯದ ದಾಖಲೆ ಎಂದಾಯಿತು. ಅದೇ ನಗರದಲ್ಲಿ 1952ರ ಡಿಸೆಂಬರಿನಲ್ಲಿ ಹೊಗೆಮಂಜು ಐದು ದಿನ ಕವಿದು ಸಾವಿರಾರು ಜನ ಸತ್ತರು, 1956ರಲ್ಲಿ ಶುದ್ಧಗಾಳಿಯ ಕಾಯ್ದೆ ಬಂತು. ಮೊನೆಯ ಕಣ್ಣು ಸುಳ್ಳು ಹೇಳಿಲ್ಲ. ಆದರೆ ಆ ಗಾಳಿಯನ್ನು ಉಸಿರಾಡಿದವರ ಕಥೆ ಅವನ ಚಿತ್ರಗಳಲ್ಲಿ ಇಲ್ಲ.

ಕಾಲವನ್ನು ಬರೆಯುವುದು

ಹಾನಿ ನಿಧಾನವಾಗಿ ಆಗುತ್ತದೆ ಎಂಬ ಎರಡನೆಯ ತೊಡಕಿಗೆ ಮೊದಲು ಕೈಹಾಕಿದವರಲ್ಲಿ ಥಾಮಸ್ ಕೋಲ್ ಮುಖ್ಯ. ಅವನು ಹುಟ್ಟಿದ್ದು 1801ರಲ್ಲಿ, ಇಂಗ್ಲೆಂಡಿನ ಹತ್ತಿ ಗಿರಣಿಗಳ ಸೀಮೆಯಾದ ಲ್ಯಾಂಕಶೈರ್‌ನಲ್ಲಿ. ಹದಿಹರೆಯದಲ್ಲೇ ಮನೆಯವರ ಜೊತೆ ಅಮೆರಿಕಕ್ಕೆ ಹೋದವನಿಗೆ ಗಿರಣಿ ಒಂದು ಸೀಮೆಯನ್ನು ಏನು ಮಾಡುತ್ತದೆ ಎಂಬುದು ಗೊತ್ತಿತ್ತು. ಹಡ್ಸನ್ ನದಿಯ ದಡದ ಕಾಡಿಗೆ ಕೊಡಲಿ ಬೀಳುವುದನ್ನು ಕಂಡು ಅವನು ಬರಹದಲ್ಲೂ ನೊಂದುಕೊಂಡ. 1833ರಿಂದ 1836ರವರೆಗೆ ಅವನು ಬರೆದ ‘ದಿ ಕೋರ್ಸ್ ಆಫ್ ಎಂಪೈರ್’ ಐದು ಚಿತ್ರಗಳ ಮಾಲೆ. ಕಾಡುಬದುಕು, ದನ ಕಾಯುವ ಬದುಕು, ಅಮೃತಶಿಲೆಯ ಮಹಾನಗರ, ಅದರ ನಾಶ, ಕೊನೆಗೆ ಬಳ್ಳಿ ಹಬ್ಬಿದ ಒಂಟಿ ಕಂಬ. ಐದರಲ್ಲೂ ಜಾಗ ಒಂದೇ. ನೆತ್ತಿಯ ಮೇಲೆ ದೊಡ್ಡ ಬಂಡೆ ಹೊತ್ತ ಅದೇ ಬೆಟ್ಟ ಐದು ಚಿತ್ರಗಳಲ್ಲೂ ಹಿಂದೆ ನಿಂತಿರುತ್ತದೆ. ಬೆಟ್ಟ ಬದಲಾಗದೆ ಉಳಿಯುವುದರಿಂದಲೇ ಅದರ ಬುಡದಲ್ಲಿ ಏನೆಲ್ಲ ಬದಲಾಯಿತು ಎಂಬ ಲೆಕ್ಕ ನಮಗೆ ಸಿಗುತ್ತದೆ. ಮುಂದಿನವರು ಕಲಿಯಬೇಕಾದ ಪಾಠ ಇಲ್ಲಿತ್ತು.

ಒಂದೇ ಕಾರ್ಖಾನೆ, ಇಬ್ಬರು ಚಿತ್ರಕಾರರು

ಇಪ್ಪತ್ತನೆಯ ಶತಮಾನದಲ್ಲಿ ಯಂತ್ರದ ರಾಜಧಾನಿ ಡೆಟ್ರಾಯಿಟ್ ಬಳಿಯ ಫೋರ್ಡ್ ಕಂಪನಿಯ ರಿವರ್ ರೂಜ್ ಕಾರ್ಖಾನೆ. ಒಂದು ಕಡೆಯಿಂದ ಕಬ್ಬಿಣದ ಅದಿರು ಒಳಗೆ ಹೋದರೆ ಇನ್ನೊಂದು ಕಡೆಯಿಂದ ಕಾರು ಹೊರಗೆ ಬರುತ್ತಿತ್ತು. ಚಾರ್ಲ್ಸ್ ಶೀಲರ್ 1927ರಲ್ಲಿ ಕಂಪನಿಯ ಪ್ರಚಾರಕ್ಕಾಗಿ ಅದರ ಫೋಟೊ ತೆಗೆದು, ಆಮೇಲೆ 1930ರಲ್ಲಿ ‘ಅಮೆರಿಕನ್ ಲ್ಯಾಂಡ್‌ಸ್ಕೇಪ್’ ಬರೆದ. ಚಿಮಣಿ, ಕಾಲುವೆ, ಹಳಿ, ಅದಿರಿನ ರಾಶಿ ಎಲ್ಲವೂ ಗೆರೆ ಎಳೆದ ಹಾಗೆ ಅಚ್ಚುಕಟ್ಟು. ಹಳಿಗಳ ಮೇಲೆ ಒಬ್ಬ ಮನುಷ್ಯ ಇದ್ದಾನೆ, ಇರುವೆಯಷ್ಟು. ಹೊಗೆಯೂ ಮೋಡದ ಹಾಗೆ ಶುಭ್ರವಾಗಿದೆ.

ಮೆಕ್ಸಿಕೋದ ದಿಯೇಗೊ ರಿವೇರಾ 1932ರಲ್ಲಿ ಡೆಟ್ರಾಯಿಟ್‌ಗೆ ಬಂದಾಗ ಮಹಾ ಆರ್ಥಿಕ ಕುಸಿತದ ಕಾಲ. ಅದೇ ವರ್ಷದ ಮಾರ್ಚ್‌ನಲ್ಲಿ ಆ ಕಾರ್ಖಾನೆಯ ಬಾಗಿಲಿಗೆ ಮೆರವಣಿಗೆ ಹೊರಟ ನಿರುದ್ಯೋಗಿಗಳ ಮೇಲೆ ಗುಂಡು ಹಾರಿ ಸಾವುಗಳಾಗಿದ್ದವು. ಡೆಟ್ರಾಯಿಟ್ ಕಲಾ ಸಂಗ್ರಹಾಲಯದ ಅಂಗಳದ ಗೋಡೆಗಳ ಮೇಲೆ ರಿವೇರಾ 27 ಫಲಕಗಳ ಭಿತ್ತಿಚಿತ್ರ ಬರೆದ. ಅವನ ಕಾರ್ಖಾನೆಯ ತುಂಬ ಜನ: ಬಾಗಿ ಎತ್ತುವವರು, ತಿರುಗಿಸುವವರು, ಮೇಲ್ವಿಚಾರಕನ ಕಣ್ಣಿನಡಿ ಸಾಲಾಗಿ ದುಡಿಯುವವರು. ಮೇಲಿನ ಫಲಕಗಳಲ್ಲಿ ಒಂದು ಕಡೆ ಮಗುವಿಗೆ ಲಸಿಕೆ ಹಾಕುತ್ತಿದ್ದಾರೆ, ಇನ್ನೊಂದು ಕಡೆ ಮುಖವಾಡ ತೊಟ್ಟವರು ವಿಷಾನಿಲದ ಬಾಂಬು ತಯಾರಿಸುತ್ತಿದ್ದಾರೆ. ಒಂದೇ ರಸಾಯನಶಾಸ್ತ್ರ ಎರಡನ್ನೂ ಮಾಡುತ್ತದೆ, ಯಾವುದನ್ನು ಮಾಡಿಸಬೇಕು ಎಂಬುದನ್ನು ಸಮಾಜ ತೀರ್ಮಾನಿಸುತ್ತದೆ. ತಂತ್ರಜ್ಞಾನದ ಬಗ್ಗೆ ಇಷ್ಟು ನೇರವಾಗಿ, ಇಷ್ಟು ನ್ಯಾಯವಾಗಿ ಮಾತಾಡಿದ ಚಿತ್ರಗಳು ಕಡಿಮೆ. ಆದರೂ ಯಂತ್ರವನ್ನು ಪ್ರೀತಿಸಿದ ರಿವೇರಾ ಕಾರ್ಖಾನೆಯ ಬದಿಯಲ್ಲಿ ಹರಿಯುತ್ತಿದ್ದ ನದಿಗೆ ಏನಾಗುತ್ತಿದೆ ಎಂದು ಕೇಳಲಿಲ್ಲ. ಎಣ್ಣೆ, ಕಸ ತುಂಬಿಕೊಂಡ ರೂಜ್ ನದಿಗೆ 1969ರಲ್ಲಿ ಬೆಂಕಿಯೇ ಹತ್ತಿಕೊಂಡಿತು.

ನೇಗಿಲಿನ ಮುಂದೆ ಮಲಗಿದ ಮಣ್ಣು

ಅದೇ ದಶಕದಲ್ಲಿ ಟೆಕ್ಸಾಸ್‌ನ ಅಲೆಕ್ಸಾಂಡರ್ ಹೋಗ್ ಮಣ್ಣಿನ ಕಡೆ ತಿರುಗಿದ. ಹುಲ್ಲುಗಾವಲಿನ ಬೇರುಗಳು ಹಿಡಿದಿಟ್ಟಿದ್ದ ಮಣ್ಣನ್ನು ರೈತರು ಟ್ರ್ಯಾಕ್ಟರಿನಿಂದ ಕೆಲವೇ ವರ್ಷಗಳಲ್ಲಿ ಉತ್ತು, ಗೋಧಿಗೆ ಬೆಲೆ ಇದ್ದಷ್ಟು ದಿನ ಗೋಧಿ ಬೆಳೆದು, ಬೆಲೆ ಬಿದ್ದಾಗ ಬಯಲಿಗೆ ಬಿಟ್ಟಿದ್ದರು. 1930ರ ದಶಕದಲ್ಲಿ ಬರ ಬಂತು, ಗಾಳಿ ಬಂತು, ಮಣ್ಣು ಎದ್ದುಹೋಯಿತು. 1935ರ ಏಪ್ರಿಲ್ 14ರಂದು ಎದ್ದ ಧೂಳಿಗೆ ಹಗಲೇ ಕತ್ತಲಾಗಿ, ಆ ದಿನಕ್ಕೆ ಕಪ್ಪು ಭಾನುವಾರ ಎಂಬ ಹೆಸರು ನಿಂತಿತು.

ಹೋಗ್ 1936ರಲ್ಲಿ ಬರೆದ ‘ಎರೋಷನ್ ನಂ. 2: ಮದರ್ ಅರ್ತ್ ಲೇಯ್ಡ್ ಬೇರ್’ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಮೊದಲ ನೋಟಕ್ಕೆ ಕಾಣುವುದು ಮಳೆನೀರು ಕೊರೆದ ಹೊಲ: ಮೇಲ್ಮಣ್ಣು ಕೊಚ್ಚಿಹೋಗಿ, ಉಬ್ಬು ತಗ್ಗಾಗಿ ಉಳಿದ ಕೆಳಮಣ್ಣು. ಮುಂಭಾಗದಲ್ಲಿ ಬಿಟ್ಟುಹೋದ ನೇಗಿಲು. ದೂರದಲ್ಲಿ ಒಂದು ತೋಟದ ಮನೆ. ನೋಡನೋಡುತ್ತಾ ಆ ಉಬ್ಬುತಗ್ಗುಗಳು ಬಟ್ಟೆ ಕಳಚಿ ಬಿದ್ದ ಹೆಣ್ಣಿನ ಮೈಯಾಗುತ್ತವೆ. ಒಮ್ಮೆ ಕಂಡ ಮೇಲೆ ಅದನ್ನು ಮತ್ತೆ ಬರಿಯ ಹೊಲವಾಗಿ ನೋಡಲಾಗುವುದಿಲ್ಲ. ನೇಗಿಲಿನ ಮೊನೆ ಅವಳ ಕಡೆಗೇ ಇದೆ. ಬರವನ್ನು ದೇವರ ಮುನಿಸು ಎಂದು ನಂಬಿದ್ದ ಸೀಮೆಯಲ್ಲಿ ಹೋಗ್ ಮನುಷ್ಯರ ಕೈಯ ಉಪಕರಣವನ್ನೇ ತಂದು ಮುಂದೆ ಇಟ್ಟ. ಭೂಮಿಯನ್ನು ಹೆಣ್ಣಾಗಿ, ಅದರಲ್ಲೂ ಅಸಹಾಯಕ ಹೆಣ್ಣಾಗಿ ತೋರಿಸಿದ್ದನ್ನು ಇವತ್ತು ಒಪ್ಪುವುದು ಕಷ್ಟ. ಆದರೆ ಹಾನಿಯನ್ನೂ ಅದನ್ನು ಮಾಡಿದ ಹತಾರವನ್ನೂ ಒಂದೇ ಚೌಕಟ್ಟಿನಲ್ಲಿ ಎದುರುಬದುರು ನಿಲ್ಲಿಸಿದ್ದು ಆ ಚಿತ್ರದ ಹೆಚ್ಚುಗಾರಿಕೆ. ಲೂಥರ್‌ಬರ್ಗ್‌ಗಾಗಲಿ ಮೊನೆಗಾಗಲಿ ಅದು ಬೇಕೆನಿಸಿರಲಿಲ್ಲ.

ಹಿಂದೆ ಹತ್ತು ಸಾವಿರ ವರ್ಷ, ಮುಂದೆ ಮೂರು ಸಾವಿರ

ನಮ್ಮ ಕಾಲದಲ್ಲಿ ಈ ದಾರಿಯನ್ನು ತುಂಬ ದೂರ ನಡೆದವರು ನ್ಯೂಯಾರ್ಕ್‌ನ ಅಲೆಕ್ಸಿಸ್ ರಾಕ್‌ಮನ್. 1962ರಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲಿ ಆ ನಗರದ ನಿಸರ್ಗ ಚರಿತ್ರೆಯ ಸಂಗ್ರಹಾಲಯದಲ್ಲಿ, ಗಾಜಿನ ಹಿಂದೆ ಕಾಡಿನ ಹಾಗೆ ಜೋಡಿಸಿಟ್ಟ ಪ್ರಾಣಿಗಳನ್ನು ನೋಡುತ್ತಾ ಬೆಳೆದವರು. ಹಳೆಯ ಪ್ರಾಣಿಶಾಸ್ತ್ರದ ಪುಸ್ತಕದ ಚಿತ್ರಗಳಷ್ಟೇ ನಿಖರವಾಗಿ ಬರೆಯುತ್ತಾರೆ. ಬರೆಯುವ ಮುನ್ನ ವಿಜ್ಞಾನಿಗಳನ್ನು ಕೇಳುತ್ತಾರೆ.

2000ದಲ್ಲಿ ಅವರು ಬರೆದ ‘ದಿ ಫಾರ್ಮ್’ ನೋಡಿ. ದಿಗಂತದವರೆಗೆ ಸೋಯಾ ಸಾಲುಗಳು, ಒಂದು ಕಳೆಗಿಡವೂ ಇಲ್ಲ. ಬೇಲಿಯ ಈಚೆ ಹಸು, ಹಂದಿ, ಕೋಳಿಗಳ ಕಾಡಿನ ಪೂರ್ವಜರಿದ್ದಾರೆ, ಪಕ್ಕದಲ್ಲಿ ಇಂದಿನ ಸಾಕುತಳಿಗಳಿವೆ, ಅವುಗಳ ಪಕ್ಕದಲ್ಲಿ ನಾಳೆ ಬರಬಹುದಾದವು: ಪೆಟ್ಟಿಗೆಯಾಕಾರದ ಹಸು, ಮನುಷ್ಯರಿಗೆ ಜೋಡಿಸಲು ಅಂಗಾಂಗ ಬೆಳೆಸಿಕೊಂಡ ಹಂದಿ, ಮೈಮೇಲೆ ಹೆಚ್ಚುವರಿ ರೆಕ್ಕೆಗಳಿರುವ ಬೋಳುಕೋಳಿ. ಡಬ್ಬಿಯಲ್ಲಿ ಒತ್ತೊತ್ತಾಗಿ ಕೂರಲೆಂದೇ ಟೊಮೆಟೊ ಚೌಕವಾಗಿದೆ. ಬೆನ್ನ ಮೇಲೆ ಮನುಷ್ಯನ ಕಿವಿಯ ಆಕಾರ ಹೊತ್ತ ಇಲಿಯೂ ಇದೆ. ಅದು ಚಿತ್ರಕಾರರ ಕಲ್ಪನೆಯಲ್ಲ, 1997ರಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಫೋಟೊ ಬಂದ ಪ್ರಯೋಗಶಾಲೆಯ ಇಲಿ. ತಳಿ ಆಯ್ಕೆ ಸಾವಿರಾರು ವರ್ಷಗಳಿಂದ ಮಾಡುತ್ತಾ ಬಂದದ್ದಕ್ಕೂ ತಳಿ ತಂತ್ರಜ್ಞಾನ ಇನ್ನು ಮಾಡಲಿರುವುದಕ್ಕೂ ನಡುವೆ ಗೆರೆ ಎಲ್ಲಿ ಎಳೆಯುತ್ತೀರಿ ಎಂಬ ಪ್ರಶ್ನೆಯನ್ನು ಅವರು ನೋಡುಗರಿಗೇ ಬಿಡುತ್ತಾರೆ. ಬಯ್ಗುಳ ಇಲ್ಲ, ಘೋಷಣೆ ಇಲ್ಲ.

2004ರಲ್ಲಿ ಬ್ರೂಕ್ಲಿನ್ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡ ‘ಮ್ಯಾನಿಫೆಸ್ಟ್ ಡೆಸ್ಟಿನಿ’ 24 ಅಡಿ ಅಗಲದ ಚಿತ್ರ. ಸುಮಾರು ಮೂರು ಸಾವಿರ ವರ್ಷಗಳ ನಂತರದ ಬ್ರೂಕ್ಲಿನ್, ಸಮುದ್ರ ಏರಿ ಮುಳುಗಿದೆ. ಸೇತುವೆಯ ಮುರಿದ ಗೋಪುರದ ಸುತ್ತ ಮೀನುಗಳು, ಬಿಸಿನೀರಿನ ಜೀವಿಗಳು ಓಡಾಡಿಕೊಂಡಿವೆ. ಪಶ್ಚಿಮದ ನೆಲವೆಲ್ಲ ತನ್ನ ಪಾಲಿನದು ಎಂದು ಅಮೆರಿಕ ಹತ್ತೊಂಬತ್ತನೆಯ ಶತಮಾನದಲ್ಲಿ ನಂಬಿದ್ದ ಸಿದ್ಧಾಂತದ ಹೆಸರನ್ನೇ ಈ ಮುಳುಗಡೆಗೆ ಇಟ್ಟಿದ್ದಾರೆ.

ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ 2018ರಲ್ಲಿ ಮಿಷಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ಪ್ರದರ್ಶನವಾದ ‘ದಿ ಗ್ರೇಟ್ ಲೇಕ್ಸ್ ಸೈಕಲ್’. ಭೂಮಿಯ ಮೇಲ್ಮೈಯ ಸಿಹಿನೀರಿನಲ್ಲಿ ಐದನೆಯ ಒಂದು ಭಾಗದಷ್ಟನ್ನು ಹಿಡಿದಿಟ್ಟಿರುವ ಐದು ಮಹಾಸರೋವರಗಳ ಕಥೆ ಐದು ದೊಡ್ಡ ಚಿತ್ರಗಳಲ್ಲಿದೆ. ಅವುಗಳಲ್ಲಿ ‘ಪಯನಿಯರ್ಸ್’ ಎಡದಲ್ಲಿ ಹಿಮಯುಗದ ಮಂಜುಗಡ್ಡೆಯಿಂದ ಶುರುವಾಗುತ್ತದೆ. ಹಿಮ ಕರಗಿ ನೀರಾಗಿ, ಮೀನು ಬಂದು, ಬಲಕ್ಕೆ ಬರುವಷ್ಟರಲ್ಲಿ ಸರಕುಹಡಗೊಂದು ತನ್ನ ತಳದಲ್ಲಿ ತುಂಬಿಕೊಂಡು ಬಂದ ದೂರದೇಶದ ನೀರನ್ನು ಸರೋವರಕ್ಕೆ ಸುರಿಯುತ್ತಿದೆ. ಅಂಥ ನೀರಿನೊಡನೆಯೇ 1980ರ ದಶಕದಲ್ಲಿ ಜೀಬ್ರಾ ಚಿಪ್ಪುಜೀವಿ ಅಲ್ಲಿಗೆ ಬಂದು, ನೀರಿನ ಕೊಳವೆಗಳಿಗೆ ಅಂಟಿಕೊಂಡು, ಸ್ಥಳೀಯ ಜೀವಿಗಳ ಆಹಾರ ಕಸಿದು, ಹತೋಟಿಗೆ ಸಿಗದಷ್ಟು ಹಬ್ಬಿತು. ಕೋಲ್ ಐದು ಚಿತ್ರಗಳಲ್ಲಿ ಹೇಳಿದ್ದನ್ನು ರಾಕ್‌ಮನ್ ಒಂದೊಂದು ಚಿತ್ರದೊಳಗೇ ಹೇಳುತ್ತಾರೆ. ಕ್ಯಾಮೆರಾ ಈ ಕೆಲಸ ಮಾಡಲಾರದು. ಹಿಮಯುಗವನ್ನೂ ಸರಕುಹಡಗನ್ನೂ ಒಂದೇ ನೀರಿನಲ್ಲಿ ತೋರಿಸಲು ಚಿತ್ರವೇ ಬೇಕು.

ಹಾನಿಯೇ ಬಣ್ಣವಾದಾಗ

ಒಹಾಯೊ ವಿಶ್ವವಿದ್ಯಾಲಯದ ಜಾನ್ ಸಾಬ್ರಾ ಹಿಡಿದದ್ದು ಬೇರೆಯೇ ದಾರಿ. ಆ ರಾಜ್ಯದ ಆಗ್ನೇಯ ಭಾಗದಲ್ಲಿ ಹಾಳುಬಿಟ್ಟ ಕಲ್ಲಿದ್ದಲಿನ ಗಣಿಗಳಿವೆ. ಒಳಗೆ ನೀರು, ಗಾಳಿ ಸೇರಿ ಗಂಧಕವಿರುವ ಕಬ್ಬಿಣದ ಖನಿಜ ಕರಗುತ್ತದೆ. ಆಮ್ಲವಾಗಿ ಹೊರಬಂದ ನೀರು ಹಳ್ಳ ಸೇರಿದಾಗ ಕಬ್ಬಿಣ ಕಿತ್ತಳೆ ಬಣ್ಣದ ಕೆಸರಾಗಿ ತಳಕ್ಕೆ ಕೂರುತ್ತದೆ. ಮೀನು, ಹುಳ ಯಾವುದೂ ಅಲ್ಲಿ ಬಾಳುವುದಿಲ್ಲ. ಟ್ರೂಟೌನ್ ಎಂಬಲ್ಲಿ ಒಂದೇ ಗಣಿಬಾಯಿಯಿಂದ ದಿನಕ್ಕೆ ಹತ್ತು ಲಕ್ಷ ಗ್ಯಾಲನ್‌ಗೂ ಹೆಚ್ಚು ಇಂಥ ನೀರು ಹೊರಬರುತ್ತದೆ. ಗಣಿ ಮುಚ್ಚಿದವರು ನೆಲವನ್ನು ಮೊದಲಿನಂತೆ ಮಾಡಿಕೊಡಬೇಕೆಂಬ ಕೇಂದ್ರ ಕಾನೂನು ಅಮೆರಿಕದಲ್ಲಿ ಬಂದದ್ದೇ 1977ರಲ್ಲಿ.

ಸಾಬ್ರಾ ಅದೇ ವಿಶ್ವವಿದ್ಯಾಲಯದ ಪರಿಸರ ಎಂಜಿನಿಯರ್ ಗೈ ರೀಫ್ಲರ್ ಜೊತೆ ಸೇರಿ ಆ ನೀರಿನ ಆಮ್ಲ ತಗ್ಗಿಸಿ, ಕಬ್ಬಿಣವನ್ನು ಬೇರ್ಪಡಿಸಿ, ಒಣಗಿಸಿ, ಪುಡಿಮಾಡಿ ಬಣ್ಣ ತಯಾರಿಸುತ್ತಾರೆ. ಕಾಯಿಸುವ ಹದ ಬದಲಿಸಿದರೆ ಹಳದಿ ಕಂದಾಗಿ, ಕೆಂಪಾಗಿ, ನೇರಳೆಯಾಗುತ್ತದೆ. ಚಿತ್ರಕಾರರ ಬಣ್ಣ ಮಾಡುವ ಗ್ಯಾಂಬ್ಲಿನ್ ಕಂಪನಿ ಅದನ್ನು ಟ್ಯೂಬುಗಳಲ್ಲಿ ಮಾರಿದೆ. ಬಣ್ಣ ಮಾರಿದ ಹಣದಿಂದಲೇ ನೀರು ಶುದ್ಧಿಯ ಘಟಕ ನಡೆಯಬೇಕು ಎಂಬುದು ಅವರ ಲೆಕ್ಕ. ಹಾನಿಯ ಚೆಲುವಿನ ತೊಡಕಿಗೆ ಇದು ಒಳ್ಳೆಯ ಉತ್ತರ: ಚೆಲುವನ್ನು ಅಲ್ಲಗಳೆಯಬೇಕಿಲ್ಲ, ಅದರಿಂದ ಬಂದ ದುಡ್ಡು ಹಳ್ಳಕ್ಕೇ ಹಿಂತಿರುಗಲಿ.

ನಮ್ಮ ನಾಡಿನ ಕಣ್ಣುಗಳು

ಭಾರತದ ಅತಿ ದೊಡ್ಡ ಕೈಗಾರಿಕಾ ದುರಂತವಾದ ಭೋಪಾಲ್ ನಮ್ಮ ನೆನಪಿನಲ್ಲಿ ಉಳಿದಿರುವುದು ಫೋಟೊಗಳಿಂದ. ರಘು ರೈ, ಪ್ಯಾಬ್ಲೊ ಬಾರ್ತಲೊಮ್ಯೂ ತೆಗೆದ, ಮಣ್ಣಿಗಿಡುವ ಹೊತ್ತಿನ ಮಗುವಿನ ಮುಖವನ್ನು ನೋಡಿದವರು ಮರೆಯಲಾರರು. ಆದರೆ ಆ ಫೋಟೊಗಳು 1984ರ ಡಿಸೆಂಬರಿನವು. ಕಾರ್ಖಾನೆಯ ಅಂಗಳದಲ್ಲಿ ಉಳಿದ ವಿಷತ್ಯಾಜ್ಯದಲ್ಲಿ 337 ಟನ್‌ಗಳನ್ನು ಪೀಥಂಪುರಕ್ಕೆ ಸಾಗಿಸಿದ್ದು 2025ರ ಜನವರಿಯಲ್ಲಿ. ನಡುವಿನ ನಲವತ್ತು ವರ್ಷ, ಆ ಸುತ್ತಿನ ಬಾವಿಗಳ ನೀರು ಕುಡಿದವರ ಬದುಕು, ಒಂದು ಫೋಟೊದಲ್ಲಿ ಹಿಡಿಯುವಂಥದಲ್ಲ.

ಮುಂಬೈಯ ಬದಲಾವಣೆಯನ್ನು ದಶಕಗಟ್ಟಲೆ ಬೆನ್ನುಹತ್ತಿದವರು ಸುಧೀರ್ ಪಟವರ್ಧನ್. 1949ರಲ್ಲಿ ಹುಟ್ಟಿದ ಅವರು ಠಾಣೆಯಲ್ಲಿ ರೇಡಿಯಾಲಜಿಸ್ಟ್ ಆಗಿ ಕೆಲಸ ಮಾಡುತ್ತಲೇ ಚಿತ್ರ ಬರೆದರು. ಹಗಲು ಜನರ ಎಲುಬು, ಶ್ವಾಸಕೋಶಗಳ ಎಕ್ಸ್‌ರೇ ನೋಡಿದ ಕಣ್ಣಿಗೆ ನಗರದ ಮೈಯೂ ಹಾಗೆಯೇ ತೆರೆದುಕೊಂಡಿತು. 1982ರ ಬಟ್ಟೆ ಗಿರಣಿ ಕಾರ್ಮಿಕರ ಮುಷ್ಕರದ ನಂತರ ಗಿರಣಿಗಳು ಮುಚ್ಚಿದವು, ಆ ಜಾಗಗಳಲ್ಲಿ ಗಾಜಿನ ಗೋಪುರಗಳು ಎದ್ದವು. 2001ರ ‘ಲೋವರ್ ಪರೇಲ್’ನಿಂದ 2014ರ ಏಳು ಫಲಕಗಳ ‘ಮುಂಬೈ ಪ್ರಾವರ್ಬ್ಸ್’ವರೆಗೆ ಅವರ ಕೆಲಸದಲ್ಲಿ ಕಟ್ಟಡದ ಜೊತೆ ಜನ, ಅಭಿವೃದ್ಧಿಯ ಜೊತೆ ಅದರ ಬೆಲೆ ತೆತ್ತವರು ಇದ್ದೇ ಇರುತ್ತಾರೆ.

ತಂತ್ರಜ್ಞಾನವನ್ನು ಇನ್ನೊಂದು ಲೋಕದಿಂದ ನೋಡಿದವರು ಮಧ್ಯಪ್ರದೇಶದ ಪಾಟನ್‌ಗಢದ ಗೋಂಡ್ ಕಲಾವಿದ ಭಜ್ಜು ಶ್ಯಾಮ್. ಲಂಡನ್ನಿನ ರೆಸ್ಟೋರೆಂಟೊಂದರ ಗೋಡೆ ಚಿತ್ರಿಸಲು ಹೋಗಿ ಬಂದವರು, ಚೆನ್ನೈನ ತಾರಾ ಬುಕ್ಸ್ 2004ರಲ್ಲಿ ತಂದ ‘ದಿ ಲಂಡನ್ ಜಂಗಲ್ ಬುಕ್’ನಲ್ಲಿ ಆ ನಗರವನ್ನು ಬರೆದರು. ನೆಲದಡಿಯ ರೈಲು ಅಲ್ಲಿ ಎರೆಹುಳು, ವಿಮಾನ ಹಾರುವ ಆನೆ, ಬಿಗ್ ಬೆನ್ ಗಡಿಯಾರ ಕೂಗುವ ಹುಂಜ. ಯಂತ್ರಕ್ಕೆ ಹೆದರದೆ, ಮಣಿಯದೆ, ಅದನ್ನು ಜೀವಿಗಳ ಬಳಗದ ಒಳಗೇ ಸೇರಿಸಿಕೊಳ್ಳುವ ಈ ನೋಟ ಪಶ್ಚಿಮದ ಪರಿಸರ ಚಿತ್ರಗಳಲ್ಲಿ ಅಪರೂಪ.

ಕರ್ನಾಟಕದಲ್ಲಿ ಚಿತ್ರವನ್ನು ಹಾನಿಯ ಜಾಗಕ್ಕೇ ಒಯ್ದವರು ಮೈಸೂರಿನ ಬಾದಲ್ ನಂಜುಂಡಸ್ವಾಮಿ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯನ್ನು ಹಸಿರು ಕೊಳದಂತೆ ಬಳಿದು ಅದರಲ್ಲಿ ಮೊಸಳೆಯ ಪ್ರತಿಕೃತಿಯನ್ನು ಬಿಟ್ಟರು. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನದ ಸುದ್ದಿಯ ನಡುವೆ, ನಗರದ ರಸ್ತೆಯೊಂದರ ಗುಂಡಿಗಳ ನಡುವೆ ಗಗನಯಾತ್ರಿಯ ಉಡುಪಿನ ನಟನನ್ನು ನಡೆಸಿ ಚಿತ್ರೀಕರಿಸಿದರು. ಚಂದ್ರನ ಮೇಲಿನ ನಡಿಗೆಯಂತೆ ಕಂಡ ಆ ದೃಶ್ಯ ದೇಶವೆಲ್ಲ ಓಡಾಡಿ, ಪಾಲಿಕೆ ರಸ್ತೆ ದುರಸ್ತಿಗೆ ಇಳಿಯಿತು. ಚಂದ್ರನಿಗೆ ನೌಕೆ ಕಳಿಸುವ ಊರಿನಲ್ಲೇ ಕಾಲಿಡಲು ಸಮತಟ್ಟಾದ ನೆಲ ಇಲ್ಲ ಎಂಬ ಮಾತು ಯಾವ ಸಂಪಾದಕೀಯಕ್ಕಿಂತಲೂ ಬೇಗ ಮುಟ್ಟಿತು.

ಮಿತಿ ಮತ್ತು ಬಾಕಿ

ಚಿತ್ರದಿಂದ ಏನಾಗುತ್ತದೆ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಬಾರದು. ಬಾದಲ್ ಅವರ ಚಿತ್ರದಿಂದ ಗುಂಡಿ ಮುಚ್ಚಿತು, ಏಕೆಂದರೆ ಗುಂಡಿಗೆ ಹೊಣೆ ಯಾರು ಎಂಬುದು ಎಲ್ಲರಿಗೂ ಗೊತ್ತಿತ್ತು. ಸರೋವರ, ವಾತಾವರಣ, ಅಂತರ್ಜಲದ ಹಾನಿಗೆ ಹೊಣೆಗಾರರು ಹಲವರು, ಕಾಲವೂ ಉದ್ದ. ಲಂಡನ್ನಿನ ಗಾಳಿಯನ್ನು ತಿಳಿಗೊಳಿಸಿದ್ದು ಕಾನೂನು, ಮೊನೆ ಅಲ್ಲ. ಪ್ರದರ್ಶನಕ್ಕೆ ಹಣ ಎಲ್ಲಿಂದ ಬರುತ್ತದೆ ಎಂಬುದೂ ಚಿತ್ರದ ಮಾತನ್ನು ಮೆದುಗೊಳಿಸಬಲ್ಲದು. ತೈಲ ಕಂಪನಿ ಬಿಪಿಯ ಪ್ರಾಯೋಜಕತ್ವ ಬಿಡುವಂತೆ ಲಂಡನ್ನಿನ ಟೇಟ್ ಗ್ಯಾಲರಿಯೊಳಗೆ ಕಲಾವಿದರೇ ವರ್ಷಗಟ್ಟಲೆ ಪ್ರತಿಭಟಿಸಿದರು, ಆ ಸಂಬಂಧ 2017ರಲ್ಲಿ ಮುಗಿಯಿತು.

ಆದರೆ ಕಾನೂನು ಬರಬೇಕಾದರೆ ಮೊದಲು ಜನಕ್ಕೆ ಹಾನಿ ಕಾಣಬೇಕು, ಅದು ಹೀಗೇ ಇರಲಿಲ್ಲ ಎಂಬ ನೆನಪು ಇರಬೇಕು. ಹುಟ್ಟಿದಾಗಿನಿಂದ ಕೆರೆಯ ಮೇಲೆ ಕೊಳಚೆಯ ನೊರೆಯನ್ನೇ ಕಂಡ ಮಗುವಿಗೆ ನೊರೆಯೇ ಕೆರೆ. ಈ ಮರೆವಿಗೆ ಚಿತ್ರಕಲೆ ಒಳ್ಳೆಯ ಮದ್ದು.

ಅದಕ್ಕಾಗಿಯೇ ಬೆಂಗಳೂರಿನ ಕೆರೆಗಳು ರಾಕ್‌ಮನ್ ಅವರ ಸರೋವರಗಳಷ್ಟೇ ದೊಡ್ಡ ಚಿತ್ರವನ್ನು ಬೇಡುತ್ತವೆ ಎಂದು ನಾನು ನಂಬಿದ್ದೇನೆ. ಎಡದಲ್ಲಿ ಏರಿ ಕಟ್ಟುವ ಕೈಗಳು, ತೂಬು, ಕೋಡಿ, ಒಂದು ಕೆರೆಯಿಂದ ಇನ್ನೊಂದಕ್ಕೆ ನೀರೊಯ್ಯುವ ರಾಜಕಾಲುವೆ. ನಡುವೆ ಬಸ್ ನಿಲ್ದಾಣವಾದ ಧರ್ಮಾಂಬುಧಿ, ಕ್ರೀಡಾಂಗಣವಾದ ಸಂಪಂಗಿ ಕೆರೆ, ಕಾಲುವೆಯ ಮೇಲೆ ಎದ್ದ ಬಡಾವಣೆಗಳು, ಅವುಗಳ ಕೊಳಚೆ ಹೊತ್ತ ಕೊಳವೆಗಳು. ಬಲದಲ್ಲಿ 2017ರಲ್ಲೂ 2018ರಲ್ಲೂ ಹೊತ್ತಿ ಉರಿದ ಬೆಳ್ಳಂದೂರು, ರಸ್ತೆಗೆ ಹಾರುವ ನೊರೆ, ಆಚೆ ದಡದಲ್ಲಿ ತಂತ್ರಜ್ಞಾನ ಕಂಪನಿಗಳ ಗಾಜಿನ ಗೋಡೆಗಳು, ಅವನ್ನು ಗುಡಿಸಿ ಒರೆಸುವವರ ಶೆಡ್ಡುಗಳು. ಯಾವ ನಿರ್ಧಾರದಿಂದ ಯಾವ ನೀರು ಕೆಟ್ಟಿತು ಎಂಬುದನ್ನು ಬೆರಳಿಟ್ಟು ತೋರಿಸುವಂಥ ಚಿತ್ರ ಅದಾಗಬೇಕು. ಅದನ್ನು ಗ್ಯಾಲರಿಯಲ್ಲಿ ಬಂಧಿಸದೆ ಮೆಟ್ರೊ ನಿಲ್ದಾಣದ ಗೋಡೆಯ ಮೇಲೆ, ದಿನವೂ ಸಾವಿರಾರು ಜನ ಹಾದುಹೋಗುವ ಕಡೆ ಬರೆಯಬೇಕು. ಕೆರೆಯ ನಕ್ಷೆ ನೋಡಿ ತೀರ್ಪು ಕೊಡುವವರು, ಲೇಔಟಿಗೆ ಮಂಜೂರಾತಿ ಕೊಡುವವರು, ಅಲ್ಲಿ ಮನೆ ಕೊಳ್ಳುವ ನಾವು, ಎಲ್ಲರೂ ಅದರ ಮುಂದೆ ಹಾದುಹೋಗಬೇಕು. ನಮ್ಮ ಕಲಾಶಾಲೆಗಳಲ್ಲಿ ಇದಕ್ಕೆ ಬೇಕಾದ ಕೈಗಳಿವೆ. ಗೋಡೆ ಕೊಡುವ, ಕೂಲಿ ಕೊಡುವ ಹೊಣೆಯನ್ನು ನಗರ ಹೊರಬೇಕು.